ಸಮುದ್ರದಲ್ಲಿ ಓಡಿದ ಹಳೆಯ ಹಾಯಿದೋಣಿ ಈಗ ಕೆಆರ್‌ಎಸ್ ಹಿನ್ನೀರಿಗೆ: ಡೆಕ್ ಮೇಲಿನ ಲೋಹದ ಸಾಮಾನುಗಳನ್ನು ಪರೀಕ್ಷಿಸುವುದು ಹೇಗೆ?

ಹಿನ್ನೀರ ಹಾಯಿ (ಮೈಸೂರು) ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಮಕ್ಕಳಿಗೆ ಹಾಯಿದೋಣಿ ನಡೆಸಲು ಕಲಿಸುವ ಸಣ್ಣ ತಂಡವೊಂದರಲ್ಲಿ ದೋಣಿಗಳ ಸುರಕ್ಷತೆಯ ಹೊಣೆ ನನ್ನ ಮೇಲಿದೆ. ಇದುವರೆಗೆ ನಮ್ಮಲ್ಲಿ ಆಪ್ಟಿಮಿಸ್ಟ್ ಮತ್ತು ಲೇಸರ್ ಮಾದರಿಯ ಚಿಕ್ಕ ದೋಣಿಗಳಷ್ಟೇ ಇದ್ದವು. ಈಗ ಪಶ್ಚಿಮ ಕರಾವಳಿಯಲ್ಲಿ ಹಲವು ವರ್ಷ ಸಮುದ್ರದಲ್ಲಿ ಓಡಿದ, 22 ಅಡಿ ಉದ್ದದ, ಮೇಲೆತ್ತಬಹುದಾದ ಕೀಲ್ (ದೋಣಿಯ ಅಡಿಯಲ್ಲಿ ನೀರಿಗೆ ಇಳಿಯುವ ಹಲಗೆ) ಇರುವ ಫೈಬರ್ ಗ್ಲಾಸ್ ದೋಣಿಯೊಂದು ನಮ್ಮ ತಂಡಕ್ಕೆ ದೊರೆತಿದೆ. ಜಲಾಶಯದ ಗರಿಷ್ಠ ಮಟ್ಟ 124.80 ಅಡಿ ಎಂಬುದು ಇಲ್ಲಿನವರಿಗೆಲ್ಲ ಗೊತ್ತು. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ದಡ ದೂರವಾಗಿರುವುದರಿಂದ ದೋಣಿ ಸದ್ಯ ಟ್ರೈಲರ್ ಮೇಲೆ ನೆರಳಿನಲ್ಲಿ ನಿಂತಿದೆ. ಮುಂಗಾರಿನ ಪಡುವಣ ಗಾಳಿ ಜೋರಾಗುವ ಮೊದಲು ಡೆಕ್ (ದೋಣಿಯ ಮೇಲ್ಹಾಸು) ಮೇಲಿನ ಎಲ್ಲ ಜೋಡಣೆಗಳನ್ನೂ ಪರೀಕ್ಷಿಸಿ ಮುಗಿಸಬೇಕೆಂಬುದು ನನ್ನ ಉದ್ದೇಶ.

ಕಣ್ಣಿಗೆ ಬಿದ್ದಿರುವ ಸಂಗತಿಗಳು ಹೀಗಿವೆ. ಹಾಯಿ ಕಟ್ಟುವ ಕೂವೆಕಂಬವನ್ನು ಎರಡೂ ಪಕ್ಕದಿಂದ ಹಿಡಿದಿಡುವ ತಂತಿಗಳು ಬಂದು ಸೇರುವ, ಚೈನ್‌ಪ್ಲೇಟ್ ಎಂಬ ಲೋಹದ ಪಟ್ಟಿಗಳಲ್ಲಿ, ಎಡಬದಿಯದು ಡೆಕ್ಕಿನೊಳಗೆ ಇಳಿಯುವ ಜಾಗದಲ್ಲಿ ಕಂದು ಬಣ್ಣದ ಗೆರೆ ಇಳಿದಿದೆ. ಡೆಕ್ಕಿನ ಅಂಚಿನಲ್ಲಿ ಕಾವಲು ತಂತಿಯನ್ನು ಹಿಡಿದಿರುವ ಕಂಬಗಳಲ್ಲಿ ಎರಡರ ಬುಡದ ಸುತ್ತ ಜೆಲ್‌ಕೋಟ್ (ಫೈಬರಿನ ಹೊರಮೈಯ ಹೊಳಪಿನ ಪದರ) ನಕ್ಷತ್ರದಂತೆ ಸೀಳಿದೆ. ಮೂತಿಯ ಕಡೆ ಹಗ್ಗ ಕಟ್ಟುವ ಕ್ಲೀಟ್‌ನ ಪಕ್ಕ ಕಾಲಿಟ್ಟರೆ ಡೆಕ್ ಸ್ವಲ್ಪ ಕುಸಿದಂತೆ ಅನ್ನಿಸುತ್ತದೆ. ಹಾಯಿಯ ಹಗ್ಗವನ್ನು ಸುತ್ತಿ ಬಿಗಿಯುವ ಬಲಬದಿಯ ವಿಂಚ್ ತಿರುಗುತ್ತದೆ, ಆದರೆ ಅದರ ಟಿಕ್ ಟಿಕ್ ಸದ್ದು ಒಂದೇ ಸಮನಾಗಿಲ್ಲ.

ದೋಣಿಯನ್ನು ನೋಡಿದ ಪರಿಚಿತರೊಬ್ಬರು, ಇನ್ನು ಮುಂದೆ ಇದು ಸಿಹಿನೀರಿನಲ್ಲೇ ಇರುವುದರಿಂದ ತುಕ್ಕಿನ ಭಯವಿಲ್ಲ, ಜೋಡಣೆಗಳ ಅಂಚಿಗೆ ಸಿಲಿಕೋನ್ ಹಚ್ಚಿದರೆ ಸಾಕು ಎನ್ನುತ್ತಾರೆ. ದೋಣಿಯಲ್ಲಿ ಕೂರುವವರು ಮಕ್ಕಳಾದ್ದರಿಂದ ಆ ಮಾತನ್ನು ಹಾಗೆಯೇ ಒಪ್ಪಲು ನನಗೆ ಮನಸ್ಸು ಬರುತ್ತಿಲ್ಲ. ಯಾವುದನ್ನು ಮೊದಲು ಬಿಚ್ಚಬೇಕು, ಮೈಸೂರಿನಲ್ಲೇ ಮಾಡಿಸಬಹುದಾದ ಪರೀಕ್ಷೆಗಳು ಯಾವುವು ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಇಲವಾಲದ ಫೈಬರ್ ಕೆಲಸ ಅವರ ಉತ್ತರ

ನಮಸ್ಕಾರ ಸರ್. ನೀವು ಆ ಮಾತನ್ನು ಒಪ್ಪದಿದ್ದುದು ಒಳ್ಳೆಯದಾಯಿತು. ಕೊಚ್ಚಿಯ ಕಡೆ ದೋಣಿ ದುರಸ್ತಿಯಲ್ಲಿ ಕೆಲವು ವರ್ಷ ದುಡಿದ ಅನುಭವದಿಂದ ಬರೆಯುತ್ತಿದ್ದೇನೆ.

ಡೆಕ್ ಮೇಲೆ ಹೊಳೆಯುವ ಕ್ಲೀಟ್ ಅಥವಾ ರಾಟೆ ಭಾರವನ್ನು ಹಿಡಿಯುವ ಸರಪಳಿಯ ಮೊದಲ ಕೊಂಡಿ ಮಾತ್ರ. ಅದರ ಬೋಲ್ಟು, ಬೋಲ್ಟು ಹಾದುಹೋಗುವ ಡೆಕ್ಕಿನ ಪದರ, ಒಳಗಡೆಯ ಆಧಾರದ ಪಟ್ಟಿ, ವಾಷರ್, ನಟ್ಟು ಇವಿಷ್ಟೂ ಸೇರಿಯೇ ಭಾರ ಹೊರುತ್ತವೆ; ಇವುಗಳಲ್ಲಿ ಬಹುಪಾಲು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಪರೀಕ್ಷೆ ಎಂದರೆ ಮೊದಲು ಒಳಗಿನ ಹೊದಿಕೆಯನ್ನು ತೆಗೆದು ಪ್ರತಿಯೊಂದು ನಟ್ಟನ್ನೂ ಕಣ್ಣಿಂದ ನೋಡುವಂತೆ ಮಾಡಿಕೊಳ್ಳುವುದು. ಹೊದಿಕೆ ಅಂಟಿಸಿದ್ದಾದರೆ ಜೋಡಣೆಯ ಕೆಳಗಿನಷ್ಟು ಭಾಗವನ್ನು ಕತ್ತರಿಸಿ, ಮುಂದೆಯೂ ತೆರೆಯಲು ಬರುವಂತೆ ಮುಚ್ಚಳ ಮಾಡಿ. ಈ ಒಂದು ಕೆಲಸಕ್ಕೆ ಬೇಸರಪಟ್ಟುಕೊಂಡರೆ ಉಳಿದ ಕೆಲಸಗಳಿಗೆ ಅರ್ಥವೇ ಇರುವುದಿಲ್ಲ.

ಮೊದಲು ಬಿಚ್ಚಬೇಕಾದದ್ದು ಚೈನ್‌ಪ್ಲೇಟ್, ಅದರಲ್ಲೂ ಎಡಬದಿಯದು. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರುವುದು ಅದರ ಮೈಮೇಲಿರುವ ಕ್ರೋಮಿಯಂ ಆಕ್ಸೈಡಿನ ತೆಳುವಾದ ಪೊರೆಯಿಂದ. ಆ ಪೊರೆ ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳಲು ಆಮ್ಲಜನಕ ಬೇಕು. ಪಟ್ಟಿ ಡೆಕ್ಕಿನೊಳಗೆ ಹಾದುಹೋಗುವ ಒಂದೆರಡು ಅಂಗುಲದ ಜಾಗದಲ್ಲಿ ನಿಂತ ನೀರಿಗೆ ಗಾಳಿ ತಾಗದು, ಸಮುದ್ರದಲ್ಲಿದ್ದಾಗ ಸೇರಿದ ಉಪ್ಪು ಮಾತ್ರ ಅಲ್ಲಿಯೇ ಉಳಿದಿರುತ್ತದೆ. ಮೇಲೆ ಕನ್ನಡಿಯಂತೆ ಹೊಳೆಯುವ ಪಟ್ಟಿ ಆ ಸಂದಿನಲ್ಲಿ ಕುಳಿಬಿದ್ದು, ಅರ್ಧ ದಪ್ಪಕ್ಕೆ ಸೀಳಿರಬಹುದು. ಸಿಹಿನೀರಿನಲ್ಲಿ ಈ ಕೊರೆತ ನಿಧಾನವಾಗುತ್ತದೆ ಎಂಬುದು ನಿಜ. ಆದರೆ ಹಳೆಯ ಉಪ್ಪು ಸಂದಿಯೊಳಗೆ ಇರುವ ತನಕ, ಆಗಲೇ ಹುಟ್ಟಿದ ಬಿರುಕು ಕಾವೇರಿಯ ನೀರನ್ನು ಕಂಡೊಡನೆ ನಿಂತುಬಿಡುವುದಿಲ್ಲ. ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಮೇ ತಿಂಗಳ ತಂಗಾಳಿಯಲ್ಲಿ ತಡೆದ ಪಟ್ಟಿ ಜುಲೈ ತಿಂಗಳ ಗಾಳಿಯಲ್ಲಿ ಹರಿದರೆ ಕೂವೆಕಂಬ ಮಕ್ಕಳು ಕುಳಿತಿರುವ ಜಾಗಕ್ಕೇ ಬೀಳುತ್ತದೆ. ಬಿಚ್ಚುವ ಮೊದಲು ಕಂಬವನ್ನು ಇಳಿಸಿ ಮಲಗಿಸಿ, ಅಥವಾ ಆ ಬದಿಗೆ ಬೇರೆ ಹಗ್ಗದಿಂದ ಭದ್ರವಾಗಿ ಕಟ್ಟಿಕೊಳ್ಳಿ.

ಇನ್ನು ಕುಸಿಯುವ ಡೆಕ್ಕಿನ ಮಾತು. ಇಂತಹ ದೋಣಿಗಳ ಡೆಕ್ ಸಾಮಾನ್ಯವಾಗಿ ಎರಡು ಫೈಬರ್ ಪದರಗಳ ನಡುವೆ ಬಾಲ್ಸಾ ಮರ ಅಥವಾ ಪ್ಲೈವುಡ್ ಇಟ್ಟು ಮಾಡಿದ್ದಾಗಿರುತ್ತದೆ. ಬೋಲ್ಟಿನ ತೂತಿನಿಂದ ನೀರು ಜಿನುಗಿದರೆ ನಡುವಿನ ಮರ ಕೊಳೆತು ಪುಡಿಯಾಗುತ್ತದೆ. ಆಗ ಬೋಲ್ಟು ಬಿಗಿದಷ್ಟೂ ಎರಡು ಪದರಗಳು ಒಂದನ್ನೊಂದು ಒತ್ತಿಕೊಂಡು ಒಳಗೆ ಕುಗ್ಗುತ್ತವೆಯೇ ಹೊರತು ಹಿಡಿತ ಹೆಚ್ಚುವುದಿಲ್ಲ. ಸ್ಕ್ರೂ ಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಡೆಕ್ಕನ್ನು ಅಂಗುಲ ಅಂಗುಲವಾಗಿ ತಟ್ಟುತ್ತ ಹೋಗಿ. ಗಟ್ಟಿ ಇರುವ ಕಡೆ ಟಣ್ ಎಂಬ ಚುರುಕಾದ ಸದ್ದು ಬರುತ್ತದೆ, ಕೊಳೆತ ಕಡೆ ಮಂಕಾದ ಸದ್ದು. ಸದ್ದು ಬದಲಾಗುವ ಗಡಿಯನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ, ಒಳಗಿನಿಂದ, ಮೇಲಿನ ಪದರಕ್ಕೆ ತಾಗದಂತೆ, ಸಣ್ಣ ತೂತು ಕೊರೆದು ಡ್ರಿಲ್ ಬಿಟ್ಟಿನ ತುದಿಯಲ್ಲಿ ಬರುವ ಹುಡಿಯನ್ನು ನೋಡಿ. ಒಣಗಿದ ಬಿಳಿ ಹುಡಿ ಬಂದರೆ ಚಿಂತೆಯಿಲ್ಲ. ಒದ್ದೆಯಾದ ಕಪ್ಪು ಹುಡಿ ಬಂದರೆ ಆ ಭಾಗದ ಒಂದು ಪದರವನ್ನು ಕತ್ತರಿಸಿ ತೆಗೆದು, ಹೊಸ ಮರ ಅಥವಾ ಫೋಮ್ ತುಂಬಿಸಿ, ಮತ್ತೆ ಫೈಬರ್ ಹಾಕಿಸಬೇಕಾಗುತ್ತದೆ.

ಮರ ಗಟ್ಟಿಯಾಗಿಯೇ ಇರುವ ಜಾಗಗಳಲ್ಲಿಯೂ ಪ್ರತಿ ತೂತಿಗೂ ಒಂದು ಉಪಚಾರ ಅಗತ್ಯ. 6 ಮಿಲಿಮೀಟರ್ ಬೋಲ್ಟಿನ ತೂತನ್ನು, ಕೆಳಗಿನ ಪದರವನ್ನು ಹಾಗೆಯೇ ಬಿಟ್ಟು, ಮೇಲಿನಿಂದ 12 ಮಿಲಿಮೀಟರಿಗೆ ಹಿಗ್ಗಿಸಿ. ಕೆಳಗೆ ಟೇಪ್ ಅಂಟಿಸಿ, ಸಿಲಿಕಾ ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿಯನ್ನು (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ತುಂಬಿ. ಅದು ಪೂರ್ತಿ ಗಟ್ಟಿಯಾದ ಮೇಲೆ ನಡುಮಧ್ಯದಲ್ಲಿ ಮತ್ತೆ 6 ಮಿಲಿಮೀಟರ್ ತೂತು ಕೊರೆಯಿರಿ. ಮುಂದೆ ಎಂದಾದರೂ ನೀರು ಜಿನುಗಿದರೂ ಎಪಾಕ್ಸಿಯ ಗೋಡೆ ದಾಟಿ ಮರವನ್ನು ಮುಟ್ಟುವುದಿಲ್ಲ, ಬೋಲ್ಟು ಬಿಗಿದಾಗ ಡೆಕ್ ಕುಗ್ಗುವುದೂ ಇಲ್ಲ. ನೀರಿನ ಟ್ಯಾಂಕ್, ಬಸ್ಸಿನ ಬಾಡಿ ಮಾಡುವ ನಮ್ಮ ಊರಿನ ಫೈಬರ್ ಕೆಲಸದವರು ಕೈಚಳಕದಲ್ಲಿ ಯಾರಿಗೂ ಕಡಿಮೆಯಿಲ್ಲ, ಆದರೆ ಅವರು ರೂಢಿಯಿಂದ ಪಾಲಿಯೆಸ್ಟರ್ ರೆಸಿನ್ ಬಳಸುತ್ತಾರೆ. ಹಳೆಯ ಫೈಬರಿಗೂ ಮರಕ್ಕೂ ಎಪಾಕ್ಸಿಯಷ್ಟು ಅದು ಅಂಟಿಕೊಳ್ಳದ ಕಾರಣ ಎಪಾಕ್ಸಿಯೇ ಬೇಕೆಂದು ಮೊದಲೇ ಹೇಳಿ. ಮೈಸೂರಿನ ಬೇಸಿಗೆಯ ಮಧ್ಯಾಹ್ನದಲ್ಲಿ ಬಟ್ಟಲಿನಲ್ಲಿಯೇ ಎಪಾಕ್ಸಿ ಕಾದು ಹೊಗೆಯಾಡುವುದುಂಟು. ಬೆಳಗಿನ ಹೊತ್ತು, ಸ್ವಲ್ಪ ಸ್ವಲ್ಪವೇ ಬೆರೆಸಿಕೊಂಡು ಕೆಲಸ ಮಾಡಿಸಿ.

ಸಿಲಿಕೋನನ್ನು ಅಂಚಿಗೆ ಬಳಿಯುವುದು ಮುಚ್ಚಿದಂತೆ ಕಾಣುತ್ತದೆ ಅಷ್ಟೇ. ಅದು ಸುಲಭವಾಗಿ ಕಿತ್ತುಬರುತ್ತದೆ, ಬಿಟ್ಟುಹೋಗುವ ಜಿಡ್ಡಿನ ಮೇಲೆ ಮುಂದೆ ಬೇರೆ ಯಾವ ಅಂಟೂ ಸರಿಯಾಗಿ ಕೂರದು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಒಳಗೆ ಸೇರಿದ ನೀರನ್ನು ಹೊರಬಿಡದೆ ಹಿಡಿದಿಡುತ್ತದೆ. ಎಂ-ಸೀಲ್ ಕೂಡ ಇಲ್ಲಿ ಬೇಡ. ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ, ಡೆಕ್ ಬಾಗಿದಾಗ ತಾನು ಬಾಗದೆ ಬಿರಿಯುತ್ತದೆ. ಜೋಡಣೆಯ ಅಡಿಯಲ್ಲಿ, ನೀರು ನುಸುಳದಂತೆ ತಡೆಯುವ ಬ್ಯೂಟೈಲ್ ಟೇಪ್ ಅಥವಾ ಪಾಲಿಸಲ್ಫೈಡ್ ಸೀಲೆಂಟ್ ಬಳಸಿ. ಅಕ್ರಿಲಿಕ್, ಪಾಲಿಕಾರ್ಬೊನೇಟ್ ಕಿಟಕಿಗಳಿಗೆ ಮಾತ್ರ ಪಾಲಿಸಲ್ಫೈಡ್ ತಾಗಿಸಬೇಡಿ, ಅದು ಆ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ತೂತಿನ ಮೇಲಂಚನ್ನು ಸ್ವಲ್ಪ ಇಳಿಜಾರಾಗಿ ಕೆತ್ತಿದರೆ ಸೀಲೆಂಟ್ ಬೋಲ್ಟಿನ ಕತ್ತಿನ ಸುತ್ತ ಉಂಗುರದಂತೆ ನಿಲ್ಲುತ್ತದೆ. ಬಿಗಿಯುವಾಗ ಮೇಲಿನವರು ಬೋಲ್ಟಿನ ತಲೆ ಅಲುಗದಂತೆ ಹಿಡಿದಿರಬೇಕು, ಒಳಗಿನವರು ನಟ್ಟನ್ನಷ್ಟೇ ತಿರುಗಿಸಬೇಕು. ಬೋಲ್ಟು ತಿರುಗಿದರೆ ಆ ಉಂಗುರ ಹರಿದು ಮಾಡಿದ್ದೆಲ್ಲ ವ್ಯರ್ಥವಾಗುತ್ತದೆ.

ಅಂಚಿನ ಕಂಬಗಳ ಬುಡದ ನಕ್ಷತ್ರದ ಸೀಳುಗಳಿಗೂ ಇದೇ ಕಾರಣವಿರಬಹುದು: ಕಂಬದ ಮೇಲೆ ಯಾರಾದರೂ ಒರಗಿದಾಗ ಡೆಕ್ ಬಾಗುತ್ತಿದೆ, ಏಕೆಂದರೆ ಒಳಗೆ ಅಗಲವಾದ ಆಧಾರವಿಲ್ಲ. ವಾಷರುಗಳ ಬದಲು ಬುಡಕ್ಕಿಂತ ಅಗಲವಾದ, ಮೂಲೆಗಳನ್ನು ದುಂಡಗೆ ಮಾಡಿದ ಗ್ಲಾಸ್-ಎಪಾಕ್ಸಿ ಹಲಗೆ ಅಥವಾ ಸ್ಟೇನ್‌ಲೆಸ್ ತಗಡು ಹಾಕಿಸಿ.

ಮಂಡ್ಯದ ನಿವೃತ್ತ ಫಿಟ್ಟರ್ ಅವರ ಉತ್ತರ

ದೋಣಿಯ ವಿಷಯದಲ್ಲಿ ಮೇಲೆ ಬರೆದವರಷ್ಟು ತಿಳಿವಳಿಕೆ ನನಗಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಕ್ರೇನು, ಸ್ಲಿಂಗು, ಶ್ಯಾಕಲ್‌ಗಳ ತಪಾಸಣೆ ನನ್ನ ಕೆಲಸವಾಗಿತ್ತು. ಕಬ್ಬು ಎತ್ತುವ ತಂತಿಯಾಗಲಿ, ಕೂವೆಕಂಬ ಹಿಡಿದ ತಂತಿಯಾಗಲಿ, ಲೋಹ ದಣಿಯುವ ರೀತಿ ಒಂದೇ ಆದ್ದರಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ.

ಬಿಚ್ಚಿದ ಚೈನ್‌ಪ್ಲೇಟನ್ನು ಬರಿಗಣ್ಣಿನಿಂದ ನೋಡಿ ಸಾಕೆನ್ನಬೇಡಿ. ಡೈ ಪೆನಿಟ್ರೆಂಟ್ ಪರೀಕ್ಷೆ ಮಾಡಿಸಿ. ಲೋಹವನ್ನು ಚೆನ್ನಾಗಿ ಶುಚಿಮಾಡಿ ಕೆಂಪು ದ್ರವವನ್ನು ಸಿಂಪಡಿಸಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಮೇಲಿನದನ್ನು ಬಟ್ಟೆಯಿಂದ ಒರೆಸಿ, ಬಿಳಿಯ ಡೆವಲಪರ್ ಸಿಂಪಡಿಸಿದರೆ, ಕೂದಲೆಳೆಯಂತಹ ಬಿರುಕಿನೊಳಗೆ ಇಳಿದಿದ್ದ ಕೆಂಪು ಬಣ್ಣ ಬಿಳಿಯ ಮೇಲೆ ಗೆರೆಯಾಗಿ ಮೂಡುತ್ತದೆ. ಒರೆಸುವಾಗ ಕ್ಲೀನರನ್ನು ಬಟ್ಟೆಗೆ ಹಾಕಿಕೊಳ್ಳಿ. ನೇರವಾಗಿ ಲೋಹದ ಮೇಲೆ ಸಿಂಪಡಿಸಿದರೆ ಬಿರುಕಿನೊಳಗಿನ ಬಣ್ಣವೂ ತೊಳೆದುಹೋಗುತ್ತದೆ. ಮೂರೂ ಡಬ್ಬಿಗಳು ವೆಲ್ಡಿಂಗ್ ಸಾಮಾನು ಮಾರುವ ಅಂಗಡಿಗಳಲ್ಲಿ ಕೇಳಿದರೆ ದೊರೆಯುತ್ತವೆ. ಹೆಬ್ಬಾಳ, ಮೇಟಗಳ್ಳಿ ಕೈಗಾರಿಕಾ ಪ್ರದೇಶದ ಫ್ಯಾಬ್ರಿಕೇಶನ್ ಘಟಕಗಳಲ್ಲಿ ವಿಚಾರಿಸಿದರೆ ಈ ಪರೀಕ್ಷೆ ಗೊತ್ತಿರುವವರು ಸಿಕ್ಕಬೇಕು. ಬೋಲ್ಟಿನ ತೂತುಗಳ ಅಂಚು, ಪಟ್ಟಿ ಬಾಗಿರುವ ಜಾಗ, ವೆಲ್ಡಿಂಗಿನ ಬದಿ, ಈ ಮೂರು ಕಡೆ ವಿಶೇಷವಾಗಿ ನೋಡಿ. ಒಂದು ಗೆರೆ ಕಂಡರೂ ವೆಲ್ಡ್ ಮಾಡಿ ಮುಚ್ಚಿಸುವ ಯೋಚನೆ ಬೇಡ, ಹೊಸ ಪಟ್ಟಿಯನ್ನೇ ಮಾಡಿಸಿ; ಒಂದು ಬದಿಯದು ಹೋಗಿದ್ದರೆ ಅದೇ ವಯಸ್ಸಿನ ಇನ್ನೊಂದು ಬದಿಯದನ್ನೂ ಬದಲಿಸಿ.

ಲೋಹದ ದರ್ಜೆಯನ್ನು ಅಯಸ್ಕಾಂತ ಹಿಡಿದು ತೀರ್ಮಾನಿಸುವ ಅಭ್ಯಾಸ ನಮ್ಮಲ್ಲಿ ಬಹಳವಿದೆ. ಸ್ಟೇನ್‌ಲೆಸ್ ಸ್ಟೀಲಿನ 304, 316 ಎಂಬ ದರ್ಜೆಗಳೆರಡೂ ಅಯಸ್ಕಾಂತಕ್ಕೆ ಹೆಚ್ಚಾಗಿ ಅಂಟುವುದಿಲ್ಲ, ತಣ್ಣಗೆ ಬಾಗಿಸಿದ ಕಡೆ ಸ್ವಲ್ಪ ಅಂಟಬಹುದು. ಆದ್ದರಿಂದ ಇವೆರಡರಲ್ಲಿ ಯಾವುದೆಂದು ಅಯಸ್ಕಾಂತ ಹೇಳಲಾರದು. ವ್ಯತ್ಯಾಸ ಇರುವುದು 316ರಲ್ಲಿರುವ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಂನಲ್ಲಿ. ಅದನ್ನು ಗುರುತಿಸುವ ರಾಸಾಯನಿಕ ಹನಿಗಳು ಸಿಗುತ್ತವೆ. ಬೋಲ್ಟು ಕೊಳ್ಳುವಾಗ ತಲೆಯ ಮೇಲಿನ ಅಚ್ಚನ್ನು ನೋಡಿ: ಎ2 ಎಂದಿದ್ದರೆ 304ರ ವರ್ಗ, ಎ4 ಎಂದಿದ್ದರೆ 316ರ ವರ್ಗ. ಯಾವ ಅಚ್ಚೂ ಇಲ್ಲದ ಬೋಲ್ಟು ಎಷ್ಟೇ ಹೊಳೆಯಲಿ, ಚೈನ್‌ಪ್ಲೇಟಿಗೆ ಹಾಕಬೇಡಿ. ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟನ್ನು ಒಣಗಿದಂತೆಯೇ ವೇಗವಾಗಿ ತಿರುಗಿಸಿದರೆ ಮರೆಗಳು (ಬೋಲ್ಟು, ನಟ್ಟುಗಳ ಸುರುಳಿ ಗೆರೆಗಳು) ಒಂದಕ್ಕೊಂದು ಕಚ್ಚಿಕೊಂಡು ಜಾಮ್ ಆಗುತ್ತವೆ. ಆಂಟಿ ಸೀಜ್ ಪೇಸ್ಟ್ ಹಚ್ಚಿ, ಕೈಯಿಂದ ನಿಧಾನವಾಗಿ ಬಿಗಿಯಿರಿ. ನೈಲಾನ್ ಇರುವ ನಟ್ಟು ಬೆರಳಿನಿಂದಲೇ ಪೂರ್ತಿ ತಿರುಗುವಂತಾಗಿದ್ದರೆ ಅದರ ಹಿಡಿತ ಮುಗಿದಿದೆ ಎಂದು ತಿಳಿಯಿರಿ.

ತಂತಿಯನ್ನು ಪರೀಕ್ಷಿಸುವಾಗ ಬರಿಗೈ ಆಡಿಸಬೇಡಿ. ಹತ್ತಿ ಬಟ್ಟೆಯನ್ನು ಸುತ್ತಿ ಎಳೆಯಿರಿ. ಎಳೆ ಕಡಿದಿದ್ದ ಕಡೆ ಬಟ್ಟೆಯ ನೂಲು ಸಿಕ್ಕಿಕೊಳ್ಳುತ್ತದೆ. ತಂತಿಯ ಕೆಳತುದಿಗೆ ಒತ್ತಿ ಕೂರಿಸಿದ ಲೋಹದ ಟರ್ಮಿನಲ್‌ಗಳನ್ನು ಭೂತಗನ್ನಡಿಯಲ್ಲಿ ನೋಡಿ, ಏಕೆಂದರೆ ತಂತಿಯಗುಂಟ ಇಳಿದ ನೀರು ಅಲ್ಲಿಯೇ ನಿಲ್ಲುತ್ತದೆ. ಒಂದು ಎಳೆ ಕಡಿದಿದ್ದರೂ ಆ ತಂತಿ ಮಕ್ಕಳ ದೋಣಿಗೆ ತಕ್ಕದ್ದಲ್ಲ.

ರಾಟೆಗಳ ಬಗ್ಗೆ ಒಂದು ಲೆಕ್ಕವನ್ನು ನೆನಪಿನಲ್ಲಿಡಿ. ಹಗ್ಗ ರಾಟೆಯನ್ನು ಸುತ್ತಿ ಪೂರ್ತಿ ಹಿಂದಕ್ಕೆ ತಿರುಗಿದರೆ ರಾಟೆಯ ಬುಡದ ಮೇಲೆ ಬೀಳುವ ಭಾರ ಹಗ್ಗದ ಎಳೆತದ ಎರಡರಷ್ಟು. 90 ಡಿಗ್ರಿ ತಿರುಗಿದರೆ 1.4 ಪಟ್ಟು, 30 ಡಿಗ್ರಿ ಮಾತ್ರ ತಿರುಗಿದರೆ ಸುಮಾರು ಅರ್ಧ. ಹೀಗಾಗಿ ಮುಂಭಾಗದ ಹಾಯಿಯ ಹಗ್ಗವನ್ನು ಹಿಂದಿನಿಂದ ತಿರುಗಿಸಿ ವಿಂಚಿಗೆ ತರುವ ರಾಟೆ ಚಿಕ್ಕದಾಗಿ ಕಂಡರೂ ಡೆಕ್ ಮೇಲೆ ಅತಿ ಹೆಚ್ಚು ದುಡಿಯುವವುಗಳಲ್ಲಿ ಅದೂ ಒಂದು. ಅದರ ಬೋಲ್ಟುಗಳ ಬಿಗಿಯನ್ನು ತಪ್ಪದೆ ನೋಡಿ.

ಹಿನ್ನೀರ ಹಾಯಿ (ಮೈಸೂರು)

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಹೊದಿಕೆ ತೆಗೆದು ನೋಡಿದೆವು. ಅಂಚಿನ ಕಂಬಗಳ ಅಡಿಯಲ್ಲಿ ಇದ್ದದ್ದು ಕಪ್ಪಾದ ಪ್ಲೈವುಡ್ ತುಂಡು ಮತ್ತು ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕ ವಾಷರುಗಳು. ಮೂತಿಯ ಕ್ಲೀಟಿನ ಸುತ್ತ ಮಂಕು ಸದ್ದು ಒಂದು ಅಡಿಯಷ್ಟು ಅಗಲಕ್ಕೆ ಹಬ್ಬಿದೆ. ಎಡಬದಿಯ ಚೈನ್‌ಪ್ಲೇಟನ್ನು ಪರೀಕ್ಷೆಗೆ ಕೊಡುವವರಿದ್ದೇವೆ. ಇನ್ನೆರಡು ಸಂದೇಹಗಳು ಉಳಿದಿವೆ. ಅಂಚಿನ ಕಂಬಗಳ ನಡುವೆ ಹಾಯುವ ಕಾವಲು ತಂತಿಗೆ ಬಿಳಿಯ ಪ್ಲಾಸ್ಟಿಕ್ ಹೊದಿಕೆಯಿದೆ, ಮೇಲುನೋಟಕ್ಕೆ ಚೆನ್ನಾಗಿದೆ, ಅದನ್ನು ಉಳಿಸಿಕೊಳ್ಳಬಹುದೇ? ನಮ್ಮ ಚಿಕ್ಕ ದೋಣಿಗಳಲ್ಲಿ ಇಂತಹ ಅಡಗಿರುವ ಜಾಗಗಳು ಯಾವುವು?

ಕಿರಿಯರ ತರಬೇತುದಾರ್ತಿ (ಶ್ರೀರಂಗಪಟ್ಟಣ) ಅವರ ಉತ್ತರ

ಸರ್, ಆ ತಂತಿಯನ್ನು ಉಳಿಸಿಕೊಳ್ಳಬೇಡಿ. ಹೊದಿಕೆ ತಂತಿಯನ್ನು ಕಾಪಾಡುವುದಿಲ್ಲ, ತುದಿಯಿಂದ ಒಳಸೇರಿದ ನೀರನ್ನು ಹಿಡಿದಿಟ್ಟು ಕೊರೆತವನ್ನು ಕಣ್ಣಿಂದ ಮರೆಸುತ್ತದೆ. ಸಮುದ್ರದ ದೂರದ ಸ್ಪರ್ಧೆಗಳಿಗೆ ವರ್ಲ್ಡ್ ಸೇಲಿಂಗ್ ಸಂಸ್ಥೆ ವಿಧಿಸಿರುವ ನಿಯಮಗಳಲ್ಲಿ, ಉಕ್ಕಿನ ಕಾವಲು ತಂತಿಗೆ ಹೊದಿಕೆ ಇರಬಾರದೆಂದೇ ಇದೆ. ಅದೇ ನಿಯಮಗಳಲ್ಲಿ ಬಿಗಿತದ ಅಳತೆಯೂ ಇದೆ: ಎರಡು ಕಂಬಗಳ ನಡುಮಧ್ಯೆ ಮೇಲಿನ ತಂತಿಯನ್ನು 4 ಕಿಲೋ ಭಾರದಷ್ಟು ಒತ್ತಿದರೆ ಅದು 50 ಮಿಲಿಮೀಟರಿಗಿಂತ ಹೆಚ್ಚು ಜಗ್ಗಬಾರದು. ನಮ್ಮ ಜಲಾಶಯಕ್ಕೆ ಆ ನಿಯಮ ಕಡ್ಡಾಯವಲ್ಲದಿದ್ದರೂ ಮಕ್ಕಳು ಹಿಡಿದುಕೊಳ್ಳುವ ತಂತಿಗೆ ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುವುದು ಸರಿಯೆಂದು ನನ್ನ ಅಭಿಪ್ರಾಯ. ಹೊಸ ತಂತಿ ಹಾಕಿದ ಮೇಲೆ ತುದಿಗಳ ಪಿನ್ನುಗಳಿಗೆ ಸ್ಪ್ಲಿಟ್ ರಿಂಗ್ ಹಾಕಿ ಟೇಪ್ ಸುತ್ತಿ. ಟೇಪ್ ಸುತ್ತದೆ ಬಿಟ್ಟರೆ ಆ ರಿಂಗಿಗೆ ಹಗ್ಗವೋ ಲೈಫ್ ಜಾಕೆಟ್ಟಿನ ಪಟ್ಟಿಯೋ ಸಿಕ್ಕಿ ಸದ್ದಿಲ್ಲದೆ ಕಳಚುತ್ತದೆ. ದಡಕ್ಕೆ ಬರುವಾಗ ದೋಣಿಯನ್ನು ಅಂಚಿನ ಕಂಬ ಹಿಡಿದು ತಳ್ಳುವುದನ್ನೂ ಎಳೆಯುವುದನ್ನೂ ಮೊದಲ ದಿನದಿಂದಲೇ ನಿಲ್ಲಿಸಿ, ಬುಡ ಸಡಿಲವಾಗುವುದು ಗಾಳಿಗಿಂತ ಹೆಚ್ಚಾಗಿ ಇದರಿಂದಲೇ.

ಚಿಕ್ಕ ದೋಣಿಗಳಲ್ಲಿ ನಾನು ಮೊದಲು ನೋಡುವುದು ಕಾಲು ಸಿಕ್ಕಿಸಿ ಹೊರಕ್ಕೆ ವಾಲುವ ಪಟ್ಟಿಯನ್ನು. ಪಟ್ಟಿ ಗಟ್ಟಿಯಾಗಿರುತ್ತದೆ, ಅದನ್ನು ಕಟ್ಟಿದ ಸಣ್ಣ ಹಗ್ಗ ಮತ್ತು ಅದರ ಸ್ಕ್ರೂ ಸವೆದಿರುತ್ತವೆ. ಅದು ಕಿತ್ತುಬಂದರೆ ಮಗು ತಲೆಕೆಳಗಾಗಿ ನೀರಿಗೆ ಬೀಳುತ್ತದೆ. ಹಗ್ಗವನ್ನು ಪ್ರತಿ ಋತುವಿನ ಆರಂಭದಲ್ಲಿ, ಚೆನ್ನಾಗಿಯೇ ಕಂಡರೂ, ಬದಲಿಸಿಬಿಡುತ್ತೇನೆ. ಲೇಸರ್‌ನಲ್ಲಿ ಕೂವೆಕಂಬ ನಿಲ್ಲುವ ಕೊಳವೆಗೆ ನೀರು ತುಂಬಿಸಿ ಬಿಡಿ; ಸ್ವಲ್ಪ ಹೊತ್ತಿನಲ್ಲಿ ಮಟ್ಟ ಇಳಿದರೆ ಕೊಳವೆಯ ಬುಡ ಸೀಳಿದೆ ಎಂದೇ ಅರ್ಥ, ಆ ದೋಣಿಯನ್ನು ದುರಸ್ತಿಯಾಗುವ ತನಕ ನೀರಿಗಿಳಿಸಬಾರದು. ನಮ್ಮ ಹಿನ್ನೀರಿನ ದಡದ ಮರಳು ಕಂಬದ ಜೊತೆಗೆ ಒಳಹೋಗಿ ಬುಡವನ್ನು ಉಜ್ಜುತ್ತದೆ, ಆದ್ದರಿಂದ ಕಂಬ ನಿಲ್ಲಿಸುವ ಮೊದಲು ತುದಿಯನ್ನು ತೊಳೆಯುವ ಅಭ್ಯಾಸವನ್ನು ಮಕ್ಕಳಿಗೇ ಕಲಿಸಿ. ಚುಕ್ಕಾಣಿಯ ಕೀಲುಗಳ ಸ್ಕ್ರೂಗಳನ್ನು ಬಿಗಿ ನೋಡುವುದಲ್ಲದೆ, ದೋಣಿ ಮಗುಚಿದಾಗ ಚುಕ್ಕಾಣಿ ಜಾರದಂತೆ ತಡೆಯುವ ಸ್ಪ್ರಿಂಗ್ ಪಟ್ಟಿ ಇನ್ನೂ ಚಿಮ್ಮುತ್ತದೆಯೇ ಎಂದು ಬೆರಳಿನಿಂದ ಒತ್ತಿ ನೋಡಿ. ಆಪ್ಟಿಮಿಸ್ಟ್‌ನಲ್ಲಿ ಗಾಳಿ ಚೀಲಗಳನ್ನು ಹಿಡಿದ ಪಟ್ಟಿಗಳ ಕೊಕ್ಕೆಗಳು, ಕೂವೆಕಂಬ ಮೇಲೇಳದಂತೆ ಕಟ್ಟುವ ಹಗ್ಗ, ಇವೆರಡೂ ಮುಖ್ಯ. ಹಗ್ಗ ಕಚ್ಚುವ ಕ್ಲೀಟುಗಳಲ್ಲಿ ಹಲ್ಲು ಸವೆದಿದ್ದರೆ ಮಕ್ಕಳು ಹಗ್ಗವನ್ನು ಕೈಗೆ ಸುತ್ತಿಕೊಳ್ಳತೊಡಗುತ್ತಾರೆ. ಆ ಅಭ್ಯಾಸ ಅಪಾಯಕಾರಿ. ಕ್ಲೀಟನ್ನು ಬದಲಿಸುವುದು ಅದಕ್ಕಿರುವ ಒಳ್ಳೆಯ ಪರಿಹಾರ.

ಪ್ರತಿ ದೋಣಿಗೂ ಒಂದು ಪುಸ್ತಕ ಇಡಿ. ಯಾವ ತೂತಿಗೆ ಯಾವ ಸೀಲೆಂಟ್, ಯಾವ ದರ್ಜೆಯ ಬೋಲ್ಟು, ಯಾವ ತಿಂಗಳಲ್ಲಿ ಹಾಕಿದ್ದು ಎಂಬುದನ್ನು ಫೋಟೋ ಸಹಿತ ದಾಖಲಿಸಿದರೆ ನಿಮ್ಮ ನಂತರ ಆ ಹೊಣೆ ಹೊರುವವರು ಊಹೆಯ ಮೇಲೆ ನಡೆಯಬೇಕಾಗುವುದಿಲ್ಲ.

ಇಲವಾಲದ ಫೈಬರ್ ಕೆಲಸ

ವಿಂಚಿನ ಸಂಗತಿಯನ್ನು ಹಿಂದಿನ ಉತ್ತರದಲ್ಲಿ ಬರೆದಿರಲಿಲ್ಲ, ಈಗ ಸೇರಿಸುತ್ತಿದ್ದೇನೆ. ಸದ್ದು ಏರುಪೇರಾಗಿದೆ ಎಂದರೆ ಡ್ರಮ್ ಹಿಂದಕ್ಕೆ ತಿರುಗದಂತೆ ತಡೆಯುವ ಒಳಗಿನ ಸಣ್ಣ ಕೊಕ್ಕೆಗಳಾದ ಪಾಲ್‌ಗಳಲ್ಲಿ ಯಾವುದೋ ಒಂದು ಸರಿಯಾಗಿ ಚಿಮ್ಮುತ್ತಿಲ್ಲ. ಹಳೆಯ ಗ್ರೀಸ್ ಗಟ್ಟಿಯಾಗಿರಬಹುದು, ಸ್ಪ್ರಿಂಗ್ ಮುರಿದಿರಬಹುದು. ಡ್ರಮ್ಮನ್ನು ಮೇಲೆತ್ತುವ ಮೊದಲು ಸುತ್ತಲೂ ಬಟ್ಟೆ ಹಾಸಿ, ಸಣ್ಣ ಸ್ಪ್ರಿಂಗುಗಳು ಸಿಡಿದು ನೀರಿನ ಕಂಡಿಗೆ ಹೋಗುವುದುಂಟು. ಭಾಗಗಳನ್ನು ಕಳಚಿದ ಕ್ರಮದಲ್ಲಿಯೇ ಸಾಲಾಗಿ ಇಟ್ಟು ಫೋಟೋ ತೆಗೆದುಕೊಳ್ಳಿ, ಸೀಮೆಎಣ್ಣೆ ಅಥವಾ ಡೀಸೆಲ್ಲಿನಲ್ಲಿ ತೊಳೆದು ಒಣಗಿಸಿ. ಹಲ್ಲುಚಕ್ರಗಳಿಗೂ ರೋಲರುಗಳಿಗೂ ವಿಂಚ್ ಗ್ರೀಸನ್ನು ತೆಳುವಾಗಿ ಹಚ್ಚಿ. ಪಾಲ್‌ಗಳಿಗೂ ಅವುಗಳ ಸ್ಪ್ರಿಂಗಿಗೂ ಗ್ರೀಸ್ ತಾಗಿಸದೆ, ತೆಳು ಎಣ್ಣೆಯನ್ನು ಒಂದೊಂದು ಹನಿ ಬಿಡಿ. ಗ್ರೀಸ್ ಅಂಟಿಕೊಂಡು ಪಾಲ್ ಮಡಚಿಯೇ ಉಳಿದರೆ, ಹಗ್ಗದ ಭಾರಕ್ಕೆ ಡ್ರಮ್ ಹಿಂದಕ್ಕೆ ಸುತ್ತಿ, ಹಿಡಿ ತಿರುಗಿಸುತ್ತಿರುವವರ ಮುಂಗೈಗೋ ಮುಖಕ್ಕೋ ಬಡಿಯುತ್ತದೆ. ಸ್ಪ್ರಿಂಗುಗಳನ್ನು ಎಲ್ಲವನ್ನೂ ಒಟ್ಟಿಗೆ ಹೊಸದಾಗಿ ಹಾಕಿ. ಎಡಬದಿಯ ವಿಂಚ್ ಸದ್ದು ಸರಿಯಾಗಿದ್ದರೂ ಅದನ್ನೂ ಈಗಲೇ ತೆರೆಯಿರಿ, ಏಕೆಂದರೆ ಎರಡೂ ಒಂದೇ ಸಮುದ್ರದ ಗಾಳಿಯಲ್ಲಿ ಅಷ್ಟೇ ವರ್ಷ ದುಡಿದಿವೆ.